ಗರ್ಭಕಂಠ ತಪಾಸಣೆ (ಸೇಲಂ, ಧರ್ಮಪುರಿ)
ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ, ವಿಶೇಷತಃ ಅದರ 16 ಮತ್ತು 18ನೆಯ ಪ್ರಭೇದಗಳ, ಬಹುಕಾಲ ನೆಲೆನಿಂತ ಸೋಂಕಿನಿಂದ ಗರ್ಭಕಂಠದ ಜೀವಕೋಶಗಳಲ್ಲಿ ತಲೆದೋರುವ ವಿಕಾರವನ್ನು ಅದು ಅರ್ಬುದವಾಗುವ ಮುನ್ನವೇ ಗುರುತಿಸುವ ಪರೀಕ್ಷಾಕ್ರಮ. ತೇನಿ, ತಂಜಾವೂರುಗಳಲ್ಲಿ ಪ್ರಯೋಗರೂಪವಾಗಿ ಮೊದಲ್ಗೊಂಡು ತರುವಾಯ ತಮಿಳುನಾಡಿನ ಇತರ ಜಿಲ್ಲೆಗಳಿಗೂ ವ್ಯಾಪಿಸಿದ ಈ ಕ್ರಮದಲ್ಲಿ, 30 ವರ್ಷ ದಾಟಿದ ಸ್ತ್ರೀಯರ ಗರ್ಭಕಂಠಕ್ಕೆ ದುರ್ಬಲವಾದ ಅಸಿಟಿಕ್ ಆಮ್ಲವನ್ನು ಲೇಪಿಸಿ, ಬಿಳಿಯ ಮಚ್ಚೆ ಮೂಡುವುದೇ ಎಂದು ಬರಿಗಣ್ಣಿನಿಂದ ನೋಡುವರು. ಮಚ್ಚೆ ಮೂಡಿದ ಮಾತ್ರಕ್ಕೆ ಅರ್ಬುದವೆಂದು ಭಾವಿಸಲಾಗದು. ಸೇಲಂನ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಿಗೆ ಈ ವಿಷಯ ತಾಯ್ನುಡಿಯಲ್ಲಿಯೇ ತಲುಪಬೇಕಾದುದು ಅತ್ಯಾವಶ್ಯಕ. ಬಹುತೇಕ ಸೋಂಕುಗಳು ಎರಡು ವರ್ಷಗಳೊಳಗೆ ತಾವಾಗಿಯೇ ಅಳಿಯುವುವು. ಉಳಿದುದು ಅರ್ಬುದವಾಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯುವುದರಿಂದ, ಗರ್ಭಕಂಠವನ್ನು ಹಿಗ್ಗಿಸಿ ತೋರುವ ಕಾಲ್ಪೋಸ್ಕೋಪ್ ಎಂಬ ಉಪಕರಣದಿಂದ ಮರುಪರೀಕ್ಷಿಸಿ ಚಿಕಿತ್ಸೆ ನೀಡಲು ಅವಕಾಶವುಂಟು. ದಿಂಡಿಗಲ್ ಜಿಲ್ಲೆಯಲ್ಲಿ ಇದೇ ಪರೀಕ್ಷೆಯಿಂದ ಈ ರೋಗದ ಮರಣ ಶೇಕಡ 35ರಷ್ಟು ಇಳಿದುದು 2007ರಲ್ಲಿ ಪ್ರಕಟವಾಯಿತು.