ವೈದ್ಯಕೀಯ ನಿರ್ಲಕ್ಷ್ಯದ ದೂರು: ಅತ್ತಿಗುಪ್ಪೆಯಿಂದ ಹೊರಡುವ ಮೂರು ದಾರಿಗಳು

ಬೆಂಗಳೂರಿನ ಅತ್ತಿಗುಪ್ಪೆಯವರು ಚಿಕಿತ್ಸೆಗೆ ಹೋಗುವ ಜಾಗಗಳು ಮುಖ್ಯವಾಗಿ ಮೂರು ಬಗೆಯವು. ಹಣ ಕಟ್ಟಬಲ್ಲವರಿಗೆ ವಿಜಯನಗರ, ಚಂದ್ರಾ ಲೇಔಟ್ ಸುತ್ತಮುತ್ತಲಿನ ಖಾಸಗಿ ನರ್ಸಿಂಗ್ ಹೋಮುಗಳು. ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಡಿತವಾಗುವ ಕಾರ್ಮಿಕರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ. ಎರಡೂ ಇಲ್ಲದವರಿಗೆ ಸರ್ಕಾರದ ಉಚಿತ ಚಿಕಿತ್ಸಾಲಯ. ಮೂರೂ ಕಡೆ ಒಂದೇ ತಪ್ಪು ನಡೆದು ಒಂದೇ ಬಗೆಯ ಹಾನಿಯಾದರೂ ಮೂವರು ರೋಗಿಗಳು ನ್ಯಾಯ ಕೇಳುವ ದಾರಿ ಒಂದೇ ಅಲ್ಲ. ಈ ಟಿಪ್ಪಣಿ ಹೇಳುವುದು ಎರಡು ಮಾತು. ದೂರು ಯಾವ ಬಾಗಿಲು ತಟ್ಟಬೇಕು ಎಂಬುದು ಹಣ ಯಾರು ಕೊಟ್ಟರು ಎಂಬುದರ ಮೇಲೆ ನಿಂತಿದೆ. ಒಳಗೆ ಹೋದ ಮೇಲಿನ ಫಲಿತಾಂಶ ಬಹುಪಾಲು ಕೇಸ್ ಶೀಟಿನ, ಅಂದರೆ ಆಸ್ಪತ್ರೆ ಬರೆದಿಡುವ ಚಿಕಿತ್ಸೆಯ ದಾಖಲೆಯ, ಮೇಲೆ ನಿಂತಿದೆ.

ಬಾಗಿಲು

1995ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ವೈದ್ಯಕೀಯ ಸೇವೆಯನ್ನು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ತಂದಿತು. ಹಣ ಪಡೆದು ಕೊಡುವ ಚಿಕಿತ್ಸೆ ಕಾಯ್ದೆಯೊಳಗೆ. ಯಾರಿಂದಲೂ ಹಣ ಪಡೆಯದ ಆಸ್ಪತ್ರೆ ಹೊರಗೆ. ಕೆಲವರಿಂದ ಶುಲ್ಕ ಪಡೆದು ಉಳಿದವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ. ನೋಂದಣಿಗೆಂದು ಪಡೆಯುವ ಚಿಲ್ಲರೆ ಮೊತ್ತ ಮಾತ್ರ ಲೆಕ್ಕಕ್ಕಿಲ್ಲ.

ಇಎಸ್‌ಐ ಈ ವಿಂಗಡಣೆಯಲ್ಲಿ ಎಲ್ಲಿ ನಿಲ್ಲುತ್ತದೆ? ಕಾರ್ಮಿಕ ಆಸ್ಪತ್ರೆಯ ಕೌಂಟರಿನಲ್ಲಿ ಹಣ ಕಟ್ಟುವುದಿಲ್ಲ. ಆದರೆ ಸಂಬಳದ ಶೇ. 0.75 ಅವನಿಂದ, ಶೇ. 3.25 ಮಾಲೀಕರಿಂದ ತಿಂಗಳು ತಿಂಗಳು ಇಎಸ್‌ಐ ನಿಗಮಕ್ಕೆ ಹೋಗುತ್ತದೆ. ಈ ವಂತಿಗೆಯೇ ಸೇವೆಯ ಬೆಲೆ ಎಂದು 2007ರಲ್ಲಿ ಕಿಶೋರ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಹೀಗಾಗಿ ರಾಜಾಜಿನಗರದ ಇಎಸ್‌ಐ ವಾರ್ಡಿನಲ್ಲಿರುವ ಗಾರ್ಮೆಂಟ್ಸ್ ಕಾರ್ಮಿಕಳೂ ಗ್ರಾಹಕ ಆಯೋಗಕ್ಕೆ ಹೋಗಬಲ್ಲಳು.

1986ರ ಕಾಯ್ದೆಯ ಜಾಗಕ್ಕೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಣದ ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಹಿಂದೆ ಕೇಳುವ ಪರಿಹಾರದ ಮೊತ್ತವನ್ನೂ ಸೇರಿಸಿ ಯಾವ ಆಯೋಗವೆಂದು ನಿರ್ಧಾರವಾಗುತ್ತಿತ್ತು. ಈಗ ಕಟ್ಟಿದ ಬಿಲ್ಲಿನ ಮೊತ್ತವಷ್ಟೇ ಲೆಕ್ಕ: 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದರಾಚೆಗೆ ರಾಷ್ಟ್ರೀಯ ಆಯೋಗ. 3 ಲಕ್ಷ ಬಿಲ್ ಕಟ್ಟಿ 1 ಕೋಟಿ ಪರಿಹಾರ ಕೇಳುವವರ ದೂರೂ ಜಿಲ್ಲಾ ಆಯೋಗದಲ್ಲೇ ನಡೆಯುತ್ತದೆ. ಬಿಲ್ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ಚಿಕಿತ್ಸೆ ಮಂಗಳೂರಿನಲ್ಲಿ ನಡೆದಿದ್ದರೂ ಅತ್ತಿಗುಪ್ಪೆಯವರು ಬೆಂಗಳೂರಿನಲ್ಲೇ ಮೊಕದ್ದಮೆ ಹೂಡಬಹುದು. ಕಾಲಮಿತಿ 2 ವರ್ಷ.

ಉಚಿತ ಚಿಕಿತ್ಸಾಲಯಕ್ಕೆ ಹೋದ ಮೂರನೆಯ ರೋಗಿಗೆ ಈ ಅನುಕೂಲ ಒಂದೂ ಇಲ್ಲ. ಸರ್ಕಾರಿ ವೈದ್ಯರ ನಿರ್ಲಕ್ಷ್ಯಕ್ಕೆ ಸರ್ಕಾರ ಹೊಣೆ ಎಂದು 2000ದಲ್ಲಿ ಸಂತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಾದರೂ, ಪರಿಹಾರಕ್ಕೆ ಈ ರೋಗಿ ಸಿವಿಲ್ ದಾವೆ ಹೂಡಬೇಕು. ಅಲ್ಲಿ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕವೂ ಏರುತ್ತದೆ.

ಅಳತೆಗೋಲು

ರೋಗಿ ಗುಣವಾಗಲಿಲ್ಲ ಎಂಬುದಷ್ಟೇ ನಿರ್ಲಕ್ಷ್ಯವಲ್ಲ. ಇಂಗ್ಲೆಂಡಿನ 1957ರ ಬೋಲಮ್ ತೀರ್ಪಿನಿಂದ ಬಂದ ಅಳತೆಗೋಲನ್ನೇ ನಮ್ಮ ಕೋರ್ಟುಗಳು ಬಳಸುತ್ತವೆ: ಅದೇ ವಿದ್ಯೆ ಕಲಿತ ಸಾಮಾನ್ಯ ನೈಪುಣ್ಯದ ವೈದ್ಯ ವಹಿಸುವಷ್ಟು ಎಚ್ಚರವನ್ನು ಇವರು ವಹಿಸಿದರೇ? ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಇದನ್ನು ಗಟ್ಟಿಗೊಳಿಸಿ, ಕ್ರಿಮಿನಲ್ ಮೊಕದ್ದಮೆಗೆ ಘೋರ ನಿರ್ಲಕ್ಷ್ಯವೇ ಬೇಕೆಂದಿತು. ಪೊಲೀಸರು ಮುಂದುವರಿಯುವ ಮೊದಲು ಸ್ವತಂತ್ರ ವೈದ್ಯರೊಬ್ಬರ, ಸಾಧ್ಯವಾದರೆ ಸರ್ಕಾರಿ ಸೇವೆಯಲ್ಲಿರುವವರ, ಅಭಿಪ್ರಾಯ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ನಿರ್ಲಕ್ಷ್ಯದಿಂದಾದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಹೇಳಿ, ನೋಂದಾಯಿತ ವೈದ್ಯರ ಚಿಕಿತ್ಸೆಯ ವೇಳೆ ಹಾಗಾದರೆ ಅದನ್ನು 2 ವರ್ಷಕ್ಕೆ ಮಿತಿಗೊಳಿಸಿದೆ.

ರುಜುವಾತು

ನಿರ್ಲಕ್ಷ್ಯವನ್ನು ರುಜುವಾತುಪಡಿಸುವ ಹೊಣೆ ದೂರುದಾರರದು. ತಜ್ಞರ ಸಾಕ್ಷ್ಯ ಎಲ್ಲ ಪ್ರಕರಣಕ್ಕೂ ಬೇಕೇ? ವೈದ್ಯರಿಗೆ ನೋಟಿಸ್ ಕೊಡುವ ಮೊದಲೇ ತಜ್ಞರ ಅಭಿಪ್ರಾಯ ಪಡೆಯಬೇಕೆಂದು ಸುಪ್ರೀಂ ಕೋರ್ಟಿನ 2009ರ ಮಾರ್ಟಿನ್ ಡಿಸೋಜಾ ತೀರ್ಪು ಹೇಳಿತ್ತು. ಮಲೇರಿಯಾ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟ ವಿ. ಕಿಶನ್ ರಾವ್ ಪ್ರಕರಣದಲ್ಲಿ, 2010ರಲ್ಲಿ, ಅದೇ ಕೋರ್ಟ್ ಆ ಕಟ್ಟನ್ನು ಸಡಿಲಿಸಿ, ತಪ್ಪು ಮೇಲ್ನೋಟಕ್ಕೇ ಕಾಣುವಾಗ ತಜ್ಞರು ಬೇಕಿಲ್ಲ ಎಂದಿತು. ಉಳಿದೆಡೆ ಕೇಸ್ ಶೀಟು, ಅರಿವಳಿಕೆಯ ದಾಖಲೆ, ಒಪ್ಪಿಗೆ ಪತ್ರಗಳೇ ಸಾಕ್ಷಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ವೈದ್ಯರು ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು. ಕೇಳಿದ 72 ಗಂಟೆಯೊಳಗೆ ಕೊಡಬೇಕು.

ಬೆಂಗಳೂರಿನ ಒಂದು ಪ್ರಕರಣ

ಇಷ್ಟೆಲ್ಲವೂ ಕೂಡಿಬರುವುದು ಬೆಂಗಳೂರಿನ ಮಣಿಪಾಲ್ ಆಸ್ಪತ್ರೆಯ ಪ್ರಕರಣದಲ್ಲಿ. 2003ರಲ್ಲಿ ಅಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬರ ದನಿ ಒಡೆಯಿತು. ಎಡ ಧ್ವನಿತಂತು ಸ್ವಾಧೀನ ಕಳೆದುಕೊಂಡಿತ್ತು. ಅರಿವಳಿಕೆಯ ವೇಳೆ ಎರಡು ನಾಳಗಳ ಉಸಿರುಕೊಳವೆ ಇಳಿಸುವ ಸೂಕ್ಷ್ಮ ಕೆಲಸವನ್ನು ತರಬೇತಿಯಲ್ಲಿದ್ದ ವೈದ್ಯರಿಗೆ ವಹಿಸಿದ್ದೇ ನಿರ್ಲಕ್ಷ್ಯ ಎಂದು ಜಿಲ್ಲಾ ವೇದಿಕೆ (ಇಂದಿನ ಜಿಲ್ಲಾ ಆಯೋಗ) ಕಂಡು 5 ಲಕ್ಷ ರೂಪಾಯಿ ಪರಿಹಾರ ವಿಧಿಸಿತು. ಕೊಳವೆ ಇಳಿಸಿದವರು ಯಾರು, ಅವರ ಅನುಭವವೆಷ್ಟು ಎಂಬ ಪ್ರಶ್ನೆಯೇ ಇಲ್ಲಿ ನಿರ್ಣಾಯಕವಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರಲ್ಲಿ ಅದು ಪರಿಹಾರವನ್ನು ಬಡ್ಡಿಸಹಿತ 10 ಲಕ್ಷಕ್ಕೆ ಏರಿಸಿತು. ದನಿ ಒಡೆದ ಮೇಲೆ ಬಡ್ತಿಯಿಲ್ಲದೆ ದುಡಿದ ಆ ರೋಗಿ 2015ರಲ್ಲೇ ತೀರಿಕೊಂಡಿದ್ದರು.

ತೀರ್ಮಾನ

ಅಳತೆಗೋಲು ನ್ಯಾಯವಾದುದು; ವೈದ್ಯರನ್ನು ಪ್ರತಿ ಸಾವಿಗೂ ಅಪರಾಧಿಯಾಗಿಸಿದರೆ ಕಷ್ಟದ ರೋಗಿಯನ್ನು ಮುಟ್ಟುವವರೇ ಇರುವುದಿಲ್ಲ. ಆದರೆ ಹಣ ಕೊಡಲಾಗದವರನ್ನೇ ಸುಲಭದ ಬಾಗಿಲಿನಿಂದ ಹೊರಗಿಟ್ಟಿರುವ ವಿಂಗಡಣೆ ನ್ಯಾಯವಲ್ಲ. ಶಾಸನಸಭೆ ಅದನ್ನು ತಿದ್ದಬೇಕು. ಅಲ್ಲಿಯವರೆಗೆ, ಅನುಮಾನ ಬಂದ ಪ್ರತಿಯೊಬ್ಬರೂ ವಕೀಲರನ್ನು ಕಾಣುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ: ಪೂರ್ತಿ ಕೇಸ್ ಶೀಟಿನ ಪ್ರತಿಗೆ ಆಸ್ಪತ್ರೆಯಲ್ಲಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.