ಶಕಾರನ ಊರು ಹೊಳಲ್ಕೆರೆ

ನಮ್ಮೂರಿಗೆ ಬಂದ ನೆಂಟರನ್ನು ಬಯಲು ಗಣಪತಿಗೆ ಕರೆದೊಯ್ದು, ವಿಗ್ರಹದ ಬೆನ್ನ ಮೇಲಿನ ಜಡೆ ತೋರಿಸುವುದು ರೂಢಿ. ನಾನು ಅಲ್ಲೇ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ರಾವಣ, ಆರ್. ನಾಗೇಂದ್ರರಾಯರು, 1896ರ ಜೂನ್ 23ರಂದು ಹುಟ್ಟಿದ್ದು ಈ ಹೊಳಲ್ಕೆರೆಯಲ್ಲಿ.

ರಾವಣನಿಗಿಂತ ನನಗೆ ಹತ್ತಿರದವನು ಅವರ ಶಕಾರ. 1941ರ ‘ವಸಂತಸೇನಾ’ ಚಿತ್ರದಲ್ಲಿ ಲಕ್ಷ್ಮೀಬಾಯಿ, ಎಂ.ವಿ. ಸುಬ್ಬಯ್ಯನಾಯ್ಡು ಅವರ ಜೊತೆ ರಾಯರು ಮಾಡಿದ ಪಾತ್ರ ಅದು. ಕಥೆ ಶೂದ್ರಕನ ‘ಮೃಚ್ಛಕಟಿಕ’ದ್ದು. ಅದೇ ವರ್ಷ, ಯುದ್ಧದ ನಡುವೆ, ಇಂಗ್ಲೆಂಡಿನಲ್ಲಿ ಜೆಫ್ರಿ ಕೆರ್ ಬರೆದ ನಾಟಕವನ್ನು ಆಂಥೊನಿ ಆಸ್ಕ್ವಿತ್ ‘ಕಾಟೇಜ್ ಟು ಲೆಟ್’ ಎಂಬ ಸಿನಿಮಾ ಮಾಡಿದರು. ಬಾಂಬು ಗುರಿಯಿಡುವ ಹೊಸ ಯಂತ್ರವೊಂದರ ಗುಟ್ಟಿಗಾಗಿ ಜರ್ಮನ್ ಗೂಢಚಾರರು ಹೊಂಚು ಹಾಕುವ ನಗೆಯ ಕಥೆ. ಅಲ್ಲಿ ನಮ್ಮನ್ನು ನಗಿಸುವ ವಿಚಿತ್ರ ಬಾಡಿಗೆದಾರ ಕೊನೆಗೆ ದೇಶದ ಪರ ನಿಂತವನು; ಚೆಲುವ ವಿಮಾನ ಚಾಲಕನೇ ಶತ್ರುವಿನ ಕಡೆಯವನು. ಶೂದ್ರಕ ಇನ್ನೂ ಕಠೋರ. ಪುರಾಣದ ಹೆಸರುಗಳನ್ನೆಲ್ಲ ಕಲಸಿ ಮಾತಾಡುವ, ರಾಜನ ಹೆಂಡತಿಯ ತಮ್ಮನೆಂದು ಮೆರೆಯುವ ಶಕಾರ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾನೆ. ಆಮೇಲೆ ಅದೇ ಕೈಯಿಂದ ನಾಯಕಿ ವಸಂತಸೇನೆಯ ಕುತ್ತಿಗೆ ಹಿಸುಕುತ್ತಾನೆ. ನಕ್ಕ ನಮಗೇ ನಾಚಿಕೆಯಾಗುತ್ತದೆ. ನಟನಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲವೆಂದೇ ನನ್ನ ನಂಬಿಕೆ.

ಶೂದ್ರಕನಲ್ಲಿ ಗುಟ್ಟು, ವೇಷ, ಬೇಹು ಎಲ್ಲ ಸೇರುವುದು ಆರನೆಯ ಅಂಕದಲ್ಲಿ. ಸೆರೆಮನೆ ಒಡೆದು ಬಂದ, ರಾಜನ ವೈರಿ ಆರ್ಯಕ ವಸಂತಸೇನೆಯ ಪ್ರಿಯ ಚಾರುದತ್ತನ ಗಾಡಿಯಲ್ಲಿ ಅಡಗಿದ್ದಾನೆ. ಕಾವಲಿನ ಚಂದನಕ ಪರದೆ ಸರಿಸಿ ನೋಡುತ್ತಾನೆ, ಗುರುತು ಹಿಡಿಯುತ್ತಾನೆ, ಅಭಯ ಕೊಡುತ್ತಾನೆ. ಹೊರಗೆ ಬಂದು ಆರ್ಯನನ್ನು ಕಂಡೆ ಅಂದವನು ತಕ್ಷಣ ಆರ್ಯೆ ಎಂದು ತಿದ್ದಿಕೊಳ್ಳುತ್ತಾನೆ. ಜೊತೆಗಾರ ವೀರಕನಿಗೆ ಅಷ್ಟೇ ಸಾಕು. ನಾವು ದಕ್ಷಿಣದವರು, ಮಾತು ಸ್ಪಷ್ಟವಿರುವುದಿಲ್ಲ ಎಂದು ಚಂದನಕ ಜಾರಿಕೊಳ್ಳಲು ನೋಡುತ್ತಾನೆ. ಅದೂ ನಡೆಯದಿದ್ದಾಗ ಕರ್ಣಾಟದವರ ಜಗಳ ತೆಗೆಯುವುದೇ ದಾರಿ ಎಂದುಕೊಳ್ಳುತ್ತಾನೆ! ನಮ್ಮ ಜನರ ಜಗಳಕ್ಕೆ ಆ ಕಾಲಕ್ಕೇ ನಾಟಕ ನಡೆಯುವ ಉಜ್ಜಯಿನಿಯವರೆಗೆ ಹೆಸರಿತ್ತು. ಆ ಜಗಳದ ಗದ್ದಲದಲ್ಲಿ ಗಾಡಿ ಪಾರಾಗುತ್ತದೆ, ಮುಂದೆ ರಾಜ್ಯವೇ ಕೈ ಬದಲಾಗುತ್ತದೆ.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ಒಂಬತ್ತನೇ ತರಗತಿಯ ಮಕ್ಕಳಿಂದ ಈ ದೃಶ್ಯ ಆಡಿಸಿದ್ದೆ. ಎರಡು ಬೆಂಚು ಕೂಡಿಸಿ ಗಾಡಿ, ನನ್ನ ಹಳೇ ಇಳಕಲ್ ಸೀರೆ ಪರದೆ. ಚಂದನಕನಾದ ಹುಡುಗ ಬರೆದುಕೊಟ್ಟ ಮಾತು ಮರೆತು, “ಯಾಕಲೇ, ನನ್ ಮಾತಿಗೇ ಅನುಮಾನ ಪಡ್ತೀಯೇನಲೇ!” ಎಂದು ನಮ್ಮೂರ ಸಂತೆಯ ದನಿಯಲ್ಲಿ ಮೈಮೇಲೆ ಬಿದ್ದ. ವೀರಕ ನಿಜವಾಗಿಯೂ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಶೂದ್ರಕ ಕೇಳಿದ್ದೂ ಅದನ್ನೇ ಇರಬೇಕು.

ರಾಯರ ಕಾಲ ಕಂಪನಿ ನಾಟಕ ಬೆಳತನಕ ಆಡುವ ಕಾಲ. ಸಿನಿಮಾಕ್ಕೆ ಆ ಪುರುಸೊತ್ತಿಲ್ಲ. ಯುದ್ಧ ಬಿಗಿಯಾದಂತೆ ಕಚ್ಚಾ ಫಿಲ್ಮಿಗೂ ಅಭಾವ ಬಂದು, ಒಂದು ಚಿತ್ರ 11,000 ಅಡಿ ಮೀರಬಾರದೆಂದು ಸರ್ಕಾರ ಕಟ್ಟು ಮಾಡಿತು. ಅಂದರೆ ಸುಮಾರು ಎರಡು ಗಂಟೆ. ಅಂಥ ಬಿಗಿಯಲ್ಲೇ 1943ರಲ್ಲಿ ರಾಯರು ಎ.ವಿ. ಮೇಯ್ಯಪ್ಪನ್ ಅವರಿಗಾಗಿ ‘ಸತ್ಯ ಹರಿಶ್ಚಂದ್ರ’ ನಿರ್ದೇಶಿಸಿದರು. ಅದು ತಮಿಳಿಗೂ ಡಬ್ ಆಯಿತು. ಸುಬ್ಬಯ್ಯನಾಯ್ಡು ಅವರೊಡನೆ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಕಟ್ಟಿ ಊರೂರು ತಿರುಗಿದವರಿಗೆ, ಎಲ್ಲಿ ಕತ್ತರಿಸಿದರೂ ಕಥೆ ಸಾಯುವುದಿಲ್ಲವೆಂಬುದು ಗೊತ್ತಿತ್ತು.

ರಾಯರು ತೀರಿಕೊಂಡದ್ದು 1977ರಲ್ಲಿ. ಆದರೆ ಇಲ್ಲಿ ನಾಟಕ ನಿಂತಿಲ್ಲ; ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ ನಾಡೆಲ್ಲ ನಾಟಕ ಆಡುತ್ತಿದೆ. ನಮ್ಮ ಜಿಲ್ಲೆಗೆ ರಂಗ ಹೊಸದಲ್ಲ. ಹೊಳಲ್ಕೆರೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದೇ ಕೋರಿಕೆ: ಬರುವ ಜೂನ್ 23ಕ್ಕೆ ನಿಮ್ಮ ಮಕ್ಕಳಿಂದ ಈ ಆರನೆಯ ಅಂಕ ಆಡಿಸಿ. ಪರದೆಗೆ ಸೀರೆ ನಾನು ಕೊಡುತ್ತೇನೆ.