ಮೊದಲ ಓಟದ ದಿನ ‘ಎಷ್ಟು ಸಾಧ್ಯವೋ ಅಷ್ಟು ನೀರು ಕುಡಿಯಿರಿ’: ಈ ಸಲಹೆ ಸರಿಯೇ?

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದಂಥ ಕಾರ್ಯಕ್ರಮಗಳಿಗೆ ಪ್ರತಿ ವರ್ಷ ಅನೇಕರು ಮೊದಲ ಬಾರಿ ಹೆಸರು ಕೊಡುತ್ತಾರೆ. ಹೆಸರು ಕೊಟ್ಟದ್ದು ಗೊತ್ತಾದ ಕೂಡಲೇ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸಲಹೆಗಳೂ ಶುರುವಾಗುತ್ತವೆ. ಅವುಗಳಲ್ಲಿ ಒಂದನ್ನು ಯಾರೂ ಪ್ರಶ್ನಿಸುವುದೇ ಇಲ್ಲ: ಬಾಯಾರಿಕೆಯಾಗುವ ಮೊದಲೇ ನೀರು ಕುಡಿಯಿರಿ, ಹೆಚ್ಚು ಕುಡಿದಷ್ಟೂ ಒಳ್ಳೆಯದು.

ಈ ಮಾತು ಅರ್ಧ ಸತ್ಯ. ಉಳಿದ ಅರ್ಧ ಅಪಾಯಕಾರಿ.

ಯಾವುದು ನಿಜ?

ಓಡುವಾಗ ಬೆವರಿನಲ್ಲಿ ನೀರು ಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇನ್ನೂ ಹೆಚ್ಚು ಹೋಗುತ್ತದೆ. ನೀರು ತೀರಾ ಕಡಿಮೆಯಾದರೆ ಸುಸ್ತು, ತಲೆಸುತ್ತು ಬರುತ್ತದೆ. ಹಾಗಾಗಿ ನೀರು ಬೇಕೇ ಬೇಕು.

ಯಾವುದು ತಪ್ಪು?

‘ಹೆಚ್ಚು ಕುಡಿದಷ್ಟೂ ಒಳ್ಳೆಯದು’ ಎಂಬುದು ತಪ್ಪು. ನಮ್ಮ ರಕ್ತದಲ್ಲಿ ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್ ಇರುತ್ತದೆ. ದೇಹ ಹೊರಹಾಕಬಲ್ಲದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತ ತೆಳುವಾಗಿ ಈ ಪ್ರಮಾಣ ಇಳಿಯುತ್ತದೆ. ಇದಕ್ಕೆ ಹೈಪೊನಟ್ರೀಮಿಯಾ ಎನ್ನುತ್ತಾರೆ. ಆಗ ನೀರು ಜೀವಕೋಶಗಳ ಒಳಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಬೇರೆ ಅಂಗಗಳಿಗೆ ಊದಿಕೊಳ್ಳಲು ಸ್ವಲ್ಪ ಜಾಗವಿದೆ. ಗಟ್ಟಿ ತಲೆಬುರುಡೆಯೊಳಗಿರುವ ಮಿದುಳಿಗೆ ಆ ಜಾಗವಿಲ್ಲ.

ಇದು ಬರೀ ಊಹೆಯಲ್ಲ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಸಂಶೋಧಕರು 488 ಓಟಗಾರರ ರಕ್ತ ಪರೀಕ್ಷಿಸಿದರು. ಅವರಲ್ಲಿ ಶೇ 13ರಷ್ಟು ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಮೂವರ ಸ್ಥಿತಿ ಗಂಭೀರ ಮಟ್ಟದಲ್ಲಿತ್ತು. ಅದೇ ಓಟದಲ್ಲಿ 28 ವರ್ಷದ ಮಹಿಳೆಯೊಬ್ಬರು ಇದೇ ಕಾರಣದಿಂದ ಸಾವನ್ನಪ್ಪಿದರು.

ಹೊಸಬರು ಏಕೆ ಎಚ್ಚರ ವಹಿಸಬೇಕು?

ಬಾಸ್ಟನ್ ಅಧ್ಯಯನದಲ್ಲಿ ಈ ತೊಂದರೆ ಎರಡು ಗುಂಪಿನವರಲ್ಲಿ ಹೆಚ್ಚಾಗಿತ್ತು: ಓಟದ ಕೊನೆಗೆ ತೂಕ ಹೆಚ್ಚಿದವರು ಮತ್ತು ಗುರಿ ಮುಟ್ಟಲು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರು. ಹೊಸಬರು ನಿಧಾನವಾಗಿ ಓಡುತ್ತಾರೆ, ನೀರಿನ ಪ್ರತಿ ಟೇಬಲ್ ಬಳಿಯೂ ನಿಲ್ಲುತ್ತಾರೆ. ಸಮಯ ಹೆಚ್ಚು, ಬೆವರು ಕಡಿಮೆ, ನೀರು ಧಾರಾಳ. ಇದಲ್ಲದೆ ಓಡುವಾಗ ದೇಹ ಮೂತ್ರ ಕಡಿಮೆ ಮಾಡುವ ಹಾರ್ಮೋನನ್ನು ಹೆಚ್ಚು ಸ್ರವಿಸಬಹುದು. ಆಗ ಕುಡಿದ ನೀರು ಒಳಗೇ ಉಳಿಯುತ್ತದೆ.

ಒಂದೂವರೆ ಗಂಟೆಯೊಳಗೆ ಮುಗಿಯುವ 10 ಕಿ.ಮೀ. ಓಟದಲ್ಲಿ ಈ ಅಪಾಯ ಕಡಿಮೆ. ಆದರೆ ಅಲ್ಲಿ ಕಲಿತ ಅಭ್ಯಾಸವೇ ಮುಂದೆ ಹಾಫ್ ಮ್ಯಾರಥಾನ್, ಮ್ಯಾರಥಾನ್‌ಗೂ ಬರುತ್ತದೆ.

ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಸಾಕಲ್ಲವೇ?

ಸಾಲದು. ಅವುಗಳಲ್ಲಿರುವ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಬಹಳ ಕಡಿಮೆ. ಅತಿಯಾಗಿ ಕುಡಿದರೆ ಅವೂ ರಕ್ತವನ್ನು ತೆಳುಗೊಳಿಸುತ್ತವೆ.

ಹಾಗಾದರೆ ಎಷ್ಟು ಕುಡಿಯಬೇಕು?

- ಬಾಯಾರಿದಾಗ ಕುಡಿಯಿರಿ. ಆರೋಗ್ಯವಂತರಿಗೆ ಇದು ಸುಲಭವಾದ, ನಂಬಬಹುದಾದ ಅಳತೆ.
- ಬಾಯಾರಿಕೆ ಇಲ್ಲದಿದ್ದರೆ ನೀರಿನ ಟೇಬಲ್ ದಾಟಿ ಹೋಗಿ. ಕೊಟ್ಟ ಲೋಟವನ್ನೆಲ್ಲ ಖಾಲಿ ಮಾಡಲೇಬೇಕೆಂದಿಲ್ಲ.
- ಅಭ್ಯಾಸದ ದಿನ ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿ. ತೂಕ ಸ್ವಲ್ಪ ಇಳಿಯುವುದು ಸಹಜ. ಏರಿದ್ದರೆ ಹೆಚ್ಚು ಕುಡಿದಿದ್ದೀರಿ ಎಂದರ್ಥ.
- ಹೃದಯ ಅಥವಾ ಕಿಡ್ನಿ ಸಮಸ್ಯೆ ಇರುವವರು, ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು ಮೊದಲೇ ವೈದ್ಯರನ್ನು ಕೇಳಿ.

ಪಕ್ಕದಲ್ಲಿ ಓಡುತ್ತಿದ್ದವರು ಕುಸಿದರೆ?

ಅತಿ ಮುಖ್ಯವಾದ ವಿಷಯ ಇದು. ತಲೆನೋವು, ವಾಕರಿಕೆ, ಗೊಂದಲದ ಮಾತು ನೀರು ಕಡಿಮೆಯಾದಾಗಲೂ ಬರಬಹುದು, ಹೆಚ್ಚಾದಾಗಲೂ ಬರಬಹುದು. ಬಿಸಿಲಿನ ಆಘಾತದಲ್ಲೂ ಬರಬಹುದು. ನೋಡಿದ ಮಾತ್ರಕ್ಕೆ ಯಾವುದೆಂದು ಹೇಳಲಾಗದು. ನಾವು ಮಾತ್ರ ‘ಪಾಪ, ನೀರು ಕುಡಿಸಿ’ ಎಂದು ಬಾಟಲಿ ಹಿಡಿದು ಓಡುತ್ತೇವೆ. ಸೋಡಿಯಂ ಇಳಿದವರಿಗೆ ಅದೇ ನೀರು ಪ್ರಾಣಕ್ಕೆ ಕುತ್ತು ತರಬಹುದು.

ಗೊಂದಲದಲ್ಲಿರುವವರಿಗೆ ಅಥವಾ ಎಚ್ಚರ ತಪ್ಪಿದವರಿಗೆ ಏನನ್ನೂ ಕುಡಿಸಬೇಡಿ. ತಕ್ಷಣ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಿರಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ನೆರಳಿಗೆ ಕರೆತನ್ನಿ. ಮೈ ಸುಡುತ್ತಿದ್ದರೆ ತಣ್ಣೀರನ್ನು ಮೈಮೇಲೆ ಸುರಿಯಿರಿ, ಗಾಳಿ ಬೀಸಿ.

ಒಟ್ಟಿನಲ್ಲಿ

ನೀರು ಕುಡಿಯಿರಿ ಎಂಬುದು ಸರಿ, ಎಷ್ಟು ಸಾಧ್ಯವೋ ಅಷ್ಟು ಎಂಬುದು ತಪ್ಪು. ಆ ಫಾರ್ವರ್ಡ್ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ ‘ಬಾಯಾರಿದಷ್ಟು ಮಾತ್ರ’ ಎಂದು ಸೇರಿಸಿ ಕಳುಹಿಸಿ.